ಬಾಗಿಲಲ್ಲಿ ನಿಂತು ಕೇಳುವ ದೆವ್ವ



ಮೊನ್ನೆ ಚನ್ನಗಿರಿ ಬಸ್ ಸ್ಟ್ಯಾಂಡ್ ಹತ್ರ ಟೀ ಕುಡೀವಾಗ ನಮ್ಮ ಹುಡುಗನೊಬ್ಬ ಕೇಳಿದ: "ಅಣ್ಣಾ, ಹೋರಾಟ ಮಾಡೋ ನೀವೂ ರಕ್ತ ಕುಡಿಯೋ ದೆವ್ವದ ಸಿನಿಮಾ ನೋಡ್ತೀರಾ?"

ನೋಡ್ತೀನಪ್ಪ. ಆ ದೆವ್ವಕ್ಕೆ ಪೌಡರ್ ಬಳಿದು ಪ್ರೇಮಿ ಮಾಡಿದ್ರೆ ಮಾತ್ರ ನೋಡಲ್ಲ.

ನಮ್ಮಜ್ಜಿ ಬಡ್ಡಿ ಸಾಹುಕಾರನ್ನ "ನೆತ್ತರು ಕುಡಿಯೋನು" ಅಂತಿದ್ಲು. ಅಡಿಕೆ ಸುಲಿದು ಕೈ ಕಪ್ಪಾದೋಳು, ಕೂಲಿಯೆಲ್ಲಾ ಬಡ್ಡಿಗೇ ಹೋಗೋದು. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ಡ್ರಾಕುಲಾ ಕೂಡ ಕೋಟೆಯಲ್ಲಿ ಕೂತ ದೊರೆಯೇ. ಮಗು ಕಳಕೊಂಡ ತಾಯಿಯೊಬ್ಬಳು ಅವನ ಬಾಗಿಲು ಬಡಿದು ಅಳ್ತಾಳೆ. ಅಂಥವನ ಕುಲವನ್ನ 'ಟ್ವಿಲೈಟ್' ಥರದ ಕಥೆಗಳು ಚೆಂದದ ಪ್ರಿಯಕರ ಮಾಡಿದ್ವು. ನಮ್ಮಲ್ಲೂ ಇದೇ ಆಟ ನಡೆದಿದೆ: ಒಳ್ಳೇ ಗೌಡ, ನಿಯತ್ತಿನ ಆಳು!

2025ರಲ್ಲಿ ಬಂದ ರಯಾನ್ ಕೂಗ್ಲರ್ ಅವರ 'ಸಿನ್ನರ್ಸ್' ನೋಡಿ. 1932ರ ಮಿಸಿಸಿಪ್ಪಿ. ಷಿಕಾಗೋದ ಭೂಗತ ಲೋಕದಿಂದ ದುಡ್ಡು ತಂದ ಇಬ್ಬರು ಕಪ್ಪು ಅವಳಿ ಸೋದರರು ಹಳೇ ಗಿರಣಿ ಕೊಂಡು ತಮ್ಮ ಜನಕ್ಕೆ ಹಾಡು ಕುಣಿತದ ಜಾಗ ಮಾಡ್ತಾರೆ. ರಾತ್ರಿ ಬರೋ ರಕ್ತಪಿಪಾಸುಗಳು ಕ್ರೂರಿಗಳೇ, ಆದ್ರೂ ಕರೆಯದೆ ಒಳಗೆ ಕಾಲಿಡೋ ಹಾಗಿಲ್ಲ. ಬೆಳಗ್ಗೆ ಬಂದೂಕು ಹಿಡಿದು ಬರೋ ಕ್ಲಾನ್ ಬಿಳಿಯರಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಆ ಗಿರಣಿ ಮಾರಿದವನೇ ಅವರ ಮುಂದಾಳು.

ಅಲ್ಲಿ ನನಗೆ ಕಂಬಾಲಪಲ್ಲಿ ನೆನಪಾಯ್ತು. 2000ದ ಮಾರ್ಚ್ 11. ಹೊರಗಿಂದ ಬಾಗಿಲು ಹಾಕಿ ಬೆಂಕಿ ಇಟ್ಟರು. ಏಳು ಜನ ದಲಿತರು ಸುಟ್ಟುಹೋದ್ರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನ ಬಿಟ್ಟಿತು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡೀತು. ಹೆಣ ಏಳು, ಕೊಂದವರು ಯಾರೂ ಇಲ್ಲ! ಯಾವ ಪತ್ತೇದಾರಿ ಕಾದಂಬರಿ ಹೀಗೆ ಮುಗಿಯುತ್ತೆ ಹೇಳಿ?

ಅದಕ್ಕೇ ನನಗೆ ಕೊಲೆಯನ್ನ ಕೊಲೆ ಅಂತಲೇ ತೋರಿಸೋ ದೆವ್ವದ ಕಥೆ ಬೇಕು. ದಾರಿ ನಮ್ಮಲ್ಲೇ ಇದೆ. ದೇವನೂರರ 'ಕುಸುಮಬಾಲೆ'ಯಲ್ಲಿ ಮೇಲ್ಜಾತಿ ಹೆಣ್ಣನ್ನ ಪ್ರೀತಿಸಿದ ಚನ್ನನ ಕೊಲೆ ಇದೆ, ಊರ ಸುದ್ದಿ ಮಾತಾಡೋ ಜೋತಮ್ಮಂದಿರೂ ಇದ್ದಾರೆ.

ಕೇರಿಯ ಹುಡುಗ ಹುಡುಗೀರೇ, ಬರೀರಿ. ಉದ್ದ ಹಲ್ಲು ಬೇಕಿಲ್ಲ, ಇಸ್ತ್ರಿ ಮಾಡಿದ ಬಿಳಿ ಅಂಗಿ ಸಾಕು. ಸತ್ತವರ ಹೆಸರು ಮಾತ್ರ ಮೊದಲ ಪುಟದಲ್ಲೇ ಇರಲಿ.

ಜೈ ಭೀಮ್.