ಮಕ್ಕಳ ಗಂಟಲು ಹೇಳುವ ಸಾಕ್ಷ್ಯ

ಮೇಲಿಂದ ಮೇಲೆ ಟಾನ್ಸಿಲ್ ಊದಿ ಜ್ವರದಿಂದ ಬಳಲುವ ಮಕ್ಕಳಿಗೆ ಶಸ್ತ್ರಕ್ರಿಯೆ ನಡೆಸಿ ಆ ಗ್ರಂಥಿಗಳನ್ನು ತೆಗೆದುಹಾಕುವುದು ನಮ್ಮ ಆಸ್ಪತ್ರೆಗಳಲ್ಲಿ ಹೊಸ ಸಂಗತಿಯೇನೂ ಅಲ್ಲ. ತೆಗೆದ ಗ್ರಂಥಿಯು ಸಾಮಾನ್ಯವಾಗಿ ಕಸದ ಪಾಲಾಗುತ್ತದೆ. ಯುರೋಪು, ಅಮೆರಿಕಗಳ ಕೆಲವು ಸಂಶೋಧಕರು ಅದನ್ನು ಜತನದಿಂದಿಟ್ಟು, ವೈದ್ಯರು ಎಚ್.ಪಿ.ವಿ. ಎಂದು ಕರೆಯುವ ಪ್ಯಾಪಿಲೋಮಾ ವೈರಾಣು ಅದರೊಳಗೆ ನೆಲೆಸಿದೆಯೇ ಎಂದು ಶೋಧಿಸಿದ್ದಾರೆ. ಆ ಶೋಧನೆಯ ಫಲವು ನಮ್ಮ ತಾಯಿತಂದೆಗಳಿಗೂ ಸರಕಾರಕ್ಕೂ ಏನು ಹೇಳುತ್ತದೆಂಬುದು ವಿಚಾರಾರ್ಹವಾಗಿದೆ.

ಈ ವೈರಾಣುವಿನಲ್ಲಿ ಇನ್ನೂರಕ್ಕೂ ಮಿಕ್ಕಿ ಬಗೆಗಳುಂಟು. ಹೆಚ್ಚಿನವು ನಿರುಪದ್ರವಿಗಳು, ಕೆಲವು ಕೈಕಾಲುಗಳಲ್ಲಿ ನರಹುಲಿ ಎಬ್ಬಿಸಿ ಸುಮ್ಮನಾಗುತ್ತವೆ. ಆದರೆ ಸ್ತ್ರೀಯರ ಗರ್ಭಕಂಠದ ಕ್ಯಾನ್ಸರಿನಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ೧೬ ಮತ್ತು ೧೮ನೆಯ ಬಗೆಗಳಿಂದಲೇ ಉಂಟಾಗುವುದು. ಈ ಸಂಬಂಧವನ್ನು ಬೆಳಕಿಗೆ ತಂದ ಜರ್ಮನ್ ವಿಜ್ಞಾನಿ ಹರಾಲ್ಡ್ ತ್ಸುರ್ ಹೌಸೆನ್ ಅವರಿಗೆ ೨೦೦೮ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಅದೇ ೧೬ನೆಯ ಬಗೆಯು ಟಾನ್ಸಿಲಿನ ಕುಳಿಗಳಲ್ಲಿ ಸೇರಿಕೊಂಡು, ದಶಕಗಳ ತರುವಾಯ ಗಂಟಲ ಕ್ಯಾನ್ಸರಾಗಿ ಪರಿಣಮಿಸಬಲ್ಲದು. ಹಾಗಾದರೆ ಅದರ ಬೀಜವು ಬಾಲ್ಯದಲ್ಲಿಯೇ ಬೀಳುವುದೋ?

ಉತ್ತರವು ಎಲ್ಲೆಡೆಯೂ ಒಂದೇ ತೆರನಾಗಿಲ್ಲ. ಕೆಲವರಿಗೆ ಒಂದು ಗ್ರಂಥಿಯಲ್ಲಿಯೂ ವೈರಾಣು ದೊರೆಯಲಿಲ್ಲ. ಕೆಲವರಿಗೆ ನೂರಕ್ಕೆ ಕೆಲವರಲ್ಲಿ ದೊರೆಯಿತು. ಪರೀಕ್ಷೆಯು ಅತಿಸೂಕ್ಷ್ಮವಾದುದು, ಉಪಕರಣಕ್ಕೆ ಅಂಟಿದ ಲೇಶವೂ ಸುಳ್ಳು ಸಾಕ್ಷಿ ಹೇಳೀತು. ಒಟ್ಟಿನಲ್ಲಿ ಅದು ಮಕ್ಕಳ ಟಾನ್ಸಿಲಿನಲ್ಲಿ ವಿರಳವೆಂದೇ ನಮ್ಮ ಅಭಿಪ್ರಾಯ. ಕಂಡುಬಂದ ಮಾತ್ರಕ್ಕೆ ಅದು ರೋಗವೂ ಅಲ್ಲ. ಬಹುಮಟ್ಟಿಗೆ ಶರೀರವೇ ಅದನ್ನು ಒಂದೆರಡು ವರುಷಗಳಲ್ಲಿ ಹೊರದೂಡುತ್ತದೆ. ಪ್ರಸವಕಾಲದಲ್ಲಿ ತಾಯಿಯಿಂದ ಕೂಸಿಗೆ ಅದು ತಗಲಬಹುದು. ಹೀಗೆ ತಗಲಿದ ೬ ಮತ್ತು ೧೧ನೆಯ ಬಗೆಗಳಿಂದ ಎಲ್ಲೋ ಕೆಲವು ಮಕ್ಕಳ ಧ್ವನಿಪೆಟ್ಟಿಗೆಯಲ್ಲಿ ಗಂಟುಗಳೆದ್ದು ಸ್ವರ ಒಡೆಯುವುದುಂಟು. ಇಂಥ ಕೂಸಿನ ತಾಯಿಯ ನಡತೆಯನ್ನು ಶಂಕಿಸುವವರ ಅಜ್ಞಾನಕ್ಕೆ ಏನೆನ್ನೋಣ!

ಈ ವಿರಳತೆಯಲ್ಲಿಯೇ ನಮ್ಮ ಅವಕಾಶವಿದೆ. ಲಸಿಕೆಯು ಹೊಕ್ಕ ವೈರಾಣುವನ್ನು ಓಡಿಸಲಾರದು, ಹೊಗದಂತೆ ತಡೆಯಬಲ್ಲದು. ಆದಕಾರಣವೇ ಒಂಬತ್ತರಿಂದ ಹದಿನಾಲ್ಕರ ವಯಸ್ಸಿನ ಬಾಲೆಯರಿಗೆ ಅದನ್ನು ಮೊದಲು ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿರುವುದು. ೨೦೨೨ರ ಒಂದೇ ವರುಷದಲ್ಲಿ ಭಾರತದ ಸುಮಾರು ಎಂಬತ್ತು ಸಾವಿರ ಸ್ತ್ರೀಯರು ಗರ್ಭಕಂಠದ ಕ್ಯಾನ್ಸರಿಗೆ ಬಲಿಯಾದರೆಂಬ ಅಂದಾಜನ್ನು ಓದಿದವರು, ಎಳೆಯ ಹುಡುಗಿಗೆ ಈಗೇಕೆ ಈ ಚುಚ್ಚುಮದ್ದು ಎಂದು ಕೇಳಲಾರರು.

ಲಸಿಕೆಯ ಮಾತೆತ್ತಿದೊಡನೆ ಕೆಲವರು ಖಮ್ಮಂ ಪ್ರಸಂಗವನ್ನು ನೆನಪಿಸುವರು. ಅದನ್ನು ಮರೆಯಬೇಕೆಂದು ನಾವು ಹೇಳುವವರಲ್ಲ. ೨೦೦೯ರಲ್ಲಿ ಆಗಿನ ಆಂಧ್ರಪ್ರದೇಶದ ಆ ಜಿಲ್ಲೆಯಲ್ಲಿ ಬಡ ಹುಡುಗಿಯರಿಗೆ ಲಸಿಕೆ ಹಾಕಿದಾಗ, ಅನೇಕರ ಸಮ್ಮತಿಪತ್ರಕ್ಕೆ ಹೆತ್ತವರ ಬದಲು ವಸತಿನಿಲಯದ ಮೇಲ್ವಿಚಾರಕರು ಸಹಿ ಹಾಕಿದ್ದರು. ಕೆಲವು ಹುಡುಗಿಯರು ತೀರಿಕೊಂಡರು; ಆ ಮರಣಗಳಿಗೆ ಲಸಿಕೆಯು ಕಾರಣವೆಂದು ವಿಚಾರಣೆಯಲ್ಲಿ ಸಿದ್ಧವಾಗಲಿಲ್ಲ. ಆದರೆ ಸಮ್ಮತಿಯ ವಿಷಯದಲ್ಲಾದ ಅನ್ಯಾಯವು ನಿಜವಾದುದು. ಬಡವರ ಮಕ್ಕಳೆಂದರೆ ಕೇಳಬೇಕಾಗಿಲ್ಲವೆಂಬ ಉದ್ಧಟತನ ಅದು. ೨೦೧೦ರಲ್ಲಿ ಆ ಕಾರ್ಯವು ನಿಂತುದರೊಡನೆ, ದೇಶದ ಬೇರೆಡೆಗಳಲ್ಲಿ ನಡೆಯುತ್ತಿದ್ದ ಇನ್ನೊಂದು ಲಸಿಕಾಪರೀಕ್ಷೆಯೂ ಅರ್ಧಕ್ಕೇ ನಿಂತಿತು. ಅದರಿಂದ ಸಾವಿರಾರು ಹುಡುಗಿಯರಿಗೆ ಒಂದೇ ಡೋಸು ದೊರೆತಂತಾಯಿತು. ಅವರನ್ನು ವರುಷಗಟ್ಟಲೆ ಅನುಸರಿಸಿ ನೋಡಲಾಗಿ ಒಂದು ಡೋಸೇ ಉತ್ತಮ ರಕ್ಷಣೆಯೆಂದು ಗೊತ್ತಾಯಿತು. ೨೦೨೨ರಲ್ಲಿ ಒಂದೇ ಡೋಸು ಸಾಕೆಂದು ಜಗತ್ತು ಒಪ್ಪಿದುದರಲ್ಲಿ ನಮ್ಮ ಹೆಣ್ಣುಮಕ್ಕಳ ಋಣವಿದೆ. ಅದೇ ವರುಷ ಪುಣೆಯಲ್ಲಿ ತಯಾರಾದ ಸ್ವದೇಶೀ ಲಸಿಕೆಗೆ ಅನುಮತಿ ದೊರೆಯಿತು. ಪುಟ್ಟ ಸಿಕ್ಕಿಂ ೨೦೧೮ರಲ್ಲಿಯೇ, ಪರದೇಶದ ಲಸಿಕೆಯಿಂದಲೇ, ತನ್ನ ಬಾಲೆಯರನ್ನು ಕಾಪಾಡಲು ತೊಡಗಿತ್ತು.

ಗಂಡುಮಕ್ಕಳ ಮಾತು ಬೇರೆ. ಆಸ್ಟ್ರೇಲಿಯವು ೨೦೧೩ರಲ್ಲಿ, ಇಂಗ್ಲೆಂಡು ೨೦೧೯ರಲ್ಲಿ ಅವರಿಗೂ ಲಸಿಕೆಯನ್ನು ವಿಸ್ತರಿಸಿದವು. ನಮ್ಮಲ್ಲಿ ಬಾಯಿ, ಗಂಟಲುಗಳ ಕ್ಯಾನ್ಸರಿಗೆ ಮುಖ್ಯ ಕಾರಣ ತಂಬಾಕು. ವೈರಾಣುವಿನ ಪಾಲೆಷ್ಟೆಂಬುದನ್ನು ಪರದೇಶದ ಅಂಕಿಗಳಿಂದ ಎರವಲು ತರಲಾಗದು. ನಮ್ಮ ಸರಕಾರಿ ವೈದ್ಯಕೀಯ ಕಾಲೇಜುಗಳು ತೆಗೆದ ಟಾನ್ಸಿಲುಗಳನ್ನು ಎಸೆಯದೆ, ಮಗುವಿನ ಹೆಸರನ್ನು ಗುಪ್ತವಾಗಿಟ್ಟು, ಪರೀಕ್ಷಿಸಿ ಎಣಿಸಲಿ. ಅದಕ್ಕೆ ಬೇಕಾದ ಸಮ್ಮತಿಪತ್ರವು ಕನ್ನಡದಲ್ಲಿರಲಿ. ಓದಬಾರದ ತಾಯಿಗೆ ಅದನ್ನು ಓದಿ ಹೇಳಲಿ. ಹೆತ್ತವರ ಒಪ್ಪಿಗೆಯನ್ನು ಹೆತ್ತವರಿಂದಲೇ ಪಡೆಯಲಿ.