ಗೊರಕೆ ನಿಂತಿತು, ಬೆಲ್ಲ ಸಪ್ಪೆಯಾಯಿತು



ಕೃಷ್ಣರಾಜಪೇಟೆಯಲ್ಲಿರುವ ನನ್ನ ಸೋದರಳಿಯನು ಕಳೆದ ವಾರ ಶ್ರೀರಂಗಪಟ್ಟಣದ ನಮ್ಮ ಮನೆಗೆ ಬಂದಿದ್ದನು. "ಮಾವ, ನಿಮ್ಮ ಹಾಗೆ ನಾನೂ ಗೊರಕೆಗೆ ಆಪರೇಷನ್ ಮಾಡಿಸಿಕೊಳ್ಳುತ್ತೇನೆ, ಸಣ್ಣ ಕೆಲಸವಂತೆ" ಎಂದನು. ಅವನಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತಿದ್ದೇನೆ. ಮಾತು ಕಟುವಾಗಿದ್ದರೆ ಮೇಷ್ಟ್ರ ಹಳೆಯ ಚಾಳಿಯೆಂದು ಸಹಿಸಿಕೊಳ್ಳಿ.

ಕಿರುನಾಲಗೆಯನ್ನೂ ಅಂಗುಳಿನ ಹಿಂದಿನ ಮೆದುವಾದ ಅಂಚನ್ನೂ ಕತ್ತರಿಸಿ ಹೊಲಿಯುವ ಈ ಚಿಕಿತ್ಸೆ ನನಗಾಗಿ ಎರಡು ವರ್ಷಗಳಾದವು. ಗೊರಕೆ ನಿಂತಿತು, ಮನೆಯಾಕೆಗೆ ನಿದ್ದೆ ಮರಳಿತು. ಆದರೆ ಗಾಯ ಮಾಗಿ ಮುದ್ದೆಯ ಮುಂದೆ ಕುಳಿತ ದಿನ, ಬಸ್ಸಾರಿನಲ್ಲಿ ಉಪ್ಪು ತಿಳಿಯಿತು, ಖಾರ ತಿಳಿಯಿತು, ಬಸ್ಸಾರು ಮಾತ್ರ ತಿಳಿಯಲಿಲ್ಲ. ಈಚೆಗೆ ಪಾಂಡವಪುರದ ಬಳಿ ಹಳೆಯ ಶಿಷ್ಯನೊಬ್ಬನು ತನ್ನ ಆಲೆಮನೆಗೆ ಕರೆದೊಯ್ದನು. ಕುದಿಯುವ ಹಾಲಿನ ಪರಿಮಳ ರಸ್ತೆಯಲ್ಲಿಯೇ ಮೂಗಿಗೆ ಬಡಿಯಿತು. ಎಲೆಯ ಮೇಲಿಟ್ಟ ಬಿಸಿ ಬೆಲ್ಲವನ್ನು ಬಾಯಿಗಿಟ್ಟರೆ ಬರಿಯ ಸಿಹಿ! ಸಕ್ಕರೆಯೋ ಬೆಲ್ಲವೋ ಹೇಳಲಾರದೆ ಹೋದೆ. ಅವನ ಮುಂದೆ "ಸೊಗಸಾಗಿದೆಯಪ್ಪ" ಎಂದು ಸುಳ್ಳು ನುಡಿದೆ.

ಇದರ ಮರ್ಮ ಕಠಿಣವಾದುದೇನಲ್ಲ. ನಾಲಗೆಗೆ ಸಿಹಿ, ಹುಳಿ, ಉಪ್ಪು, ಕಹಿಗಳಂತಹ ಕೆಲವೇ ರುಚಿಗಳು ಗೊತ್ತು. ಉಳಿದ ಸೊಗಸೆಲ್ಲ, ಅಗಿಯುವಾಗ ಎದ್ದ ಪರಿಮಳವು ಅಂಗುಳಿನ ಹಿಂದಿನಿಂದ ಮೂಗಿಗೇರುವುದರಿಂದ ಬರುತ್ತದೆ. ಆ ದಾರಿಯ ಬಾಗಿಲೇ ಮೆದು ಅಂಗುಳು. ಅದರಲ್ಲಿ ರುಚಿಮೊಗ್ಗುಗಳೂ ಇವೆ. ಅಲ್ಲಿ ಕತ್ತರಿಯಾಡಿಸಿದ ಬಳಿಕ ರುಚಿ ಕೆಡಬಹುದೆಂಬುದು ವೈದ್ಯರ ಬರಹಗಳಲ್ಲಿಯೇ ಇದೆ. ಬಹುತೇಕರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಉಳಿದುಬಿಡುತ್ತದೆ.

ದೂರಿದಾಗ ದೊರೆತ ಉತ್ತರ: "ವಯಸ್ಸಾಯಿತಲ್ಲ ಸಾರ್." ವಯಸ್ಸಾದಂತೆ ರುಚಿ ಮಂದವಾಗುವುದು ನಿಜ. ಆದರೆ ವೃದ್ಧಾಪ್ಯವು ಸೋಮವಾರ ಆಸ್ಪತ್ರೆಗೆ ಸೇರಿ ಗುರುವಾರ ಮನೆಗೆ ಬರುತ್ತದೆಯೇ? ವೈದ್ಯನಾಗಿರುವ ನಾಗಮಂಗಲದ ನನ್ನ ಶಿಷ್ಯನೂ "ಪ್ರಾಣಕ್ಕೇನೂ ಅಪಾಯವಿಲ್ಲವಲ್ಲ" ಎಂದುಬಿಟ್ಟನು. ಹಳಸಿದ ಸಾರನ್ನು ಗುರುತಿಸಲಾಗದವನಿಗೆ, ರುಚಿ ಸಾಲದೆಂದು ರಕ್ತದೊತ್ತಡದಲ್ಲಿಯೂ ಉಪ್ಪು ಬೆರೆಸಿಕೊಳ್ಳುವವನಿಗೆ ಇದನ್ನು ಹೇಳಬಹುದೇ?

ನನ್ನ ಕೋಪ ಕತ್ತರಿಯ ಮೇಲಲ್ಲ, ಮೌನದ ಮೇಲೆ. ಗೊರಕೆಯೆಲ್ಲವೂ ರೋಗವಲ್ಲ, ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಮಾತ್ರ ಉಪೇಕ್ಷಿಸಬಾರದ ರೋಗ. ಎರಡನ್ನೂ ಬೇರ್ಪಡಿಸಲು ಒಂದು ರಾತ್ರಿಯ ನಿದ್ರಾಪರೀಕ್ಷೆ ಬೇಕು. ನನಗೆ ಅದನ್ನು ಮಾಡಿಸಲಿಲ್ಲ. ಅಮೆರಿಕದಲ್ಲಿ ಫ್ಯುಜಿತ ಮತ್ತು ಸಂಗಡಿಗರು ಈ ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದ್ದು 1981ರಲ್ಲಿ. ಮೂಗಿನ ಮೂಲಕ ಗಾಳಿಯೊತ್ತುವ ಸಿಪ್ಯಾಪ್ ವಿಧಾನವನ್ನು ಆಸ್ಟ್ರೇಲಿಯಾದ ಕಾಲಿನ್ ಸುಲಿವನ್ ಮತ್ತು ಸಂಗಡಿಗರು ಪ್ರಕಟಿಸಿದ್ದೂ ಅದೇ ವರ್ಷ. ಅವಳಿಗಳಲ್ಲಿ ಒಂದನ್ನು ಮಾತ್ರ ನನಗೆ ತೋರಿಸಿದರು. ತೂಕ ಇಳಿಸಿರೆಂದಾಗಲಿ, ಮಗ್ಗುಲಾಗಿ ಮಲಗಿರೆಂದಾಗಲಿ ಹೇಳಲಿಲ್ಲ.

2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಒಪ್ಪಿಗೆ ಪಡೆಯುವ ಮುನ್ನ ಬದಲಿ ಚಿಕಿತ್ಸೆಗಳನ್ನೂ ಗಣನೀಯ ಅಪಾಯಗಳನ್ನೂ ತಿಳಿಸಬೇಕೆಂದಿತು. ತೀರ ಅಪರೂಪದ ಅಪಾಯಗಳನ್ನು ಹೇಳಬೇಕಿಲ್ಲವೆಂದೂ ಅದೇ ತೀರ್ಪಿನಲ್ಲಿದೆ; ಅದನ್ನು ಮರೆಮಾಚಲಾರೆ. ಆದರೆ ಬದಲಿ ಚಿಕಿತ್ಸೆಯ ಮಾತು? ಓದದೆ ಸಹಿ ಹಾಕಿದ ತಪ್ಪು ನನ್ನದೂ ಹೌದು. ಪ್ರಶ್ನೆಪತ್ರಿಕೆಯನ್ನು ಎರಡು ಬಾರಿ ಓದಿರೆಂದು ನಿಮಗೆಲ್ಲ ಹೇಳಿದವನು ನಾನೇ.

ಅಳಿಯನು ಈಗ ಮೊದಲು ನಿದ್ರಾಪರೀಕ್ಷೆಗೆ ಒಪ್ಪಿದ್ದಾನೆ. ವೈದ್ಯರ ಬಳಿಗೆ ನಾನೂ ಜೊತೆಯಲ್ಲಿ ಹೋಗುತ್ತೇನೆ. ಕೇಳಬೇಕಾದ ಪ್ರಶ್ನೆಗಳನ್ನು ಹಾಳೆಯೊಂದರಲ್ಲಿ ಬರೆದಿಟ್ಟುಕೊಂಡಿದ್ದೇನೆ.