ಎಚ್ಚರ ಯಾರ ಹೊಣೆ?

ನಮ್ಮ ಕಾಲದ ಅಧಿಕಾರಸ್ಥರಿಗೆ ಒಂದು ಮಂತ್ರ ಸಿದ್ಧಿಸಿದೆ. 'ಎಚ್ಚರವಾಗಿರಿ' ಎಂಬುದೇ ಆ ಮಂತ್ರ. ಬ್ಯಾಂಕಿನ ಗೋಡೆಯ ಮೇಲೆ ಅದು ಇದೆ. ಪೊಲೀಸ್ ಠಾಣೆಯ ಫಲಕದ ಮೇಲೆ ಇದೆ. ಕೆಲವು ಕಾಲ ಯಾರಿಗೆ ಫೋನು ಮಾಡಿದರೂ ಅವರ ದನಿ ಕೇಳುವ ಮೊದಲು ಈ ಉಪದೇಶವನ್ನು ಕೇಳಬೇಕಾಗಿತ್ತು. ಈಗ ಅದು ಆಸ್ಪತ್ರೆಯ ಬಾಗಿಲಿಗೂ ಬಂದಿದೆ. ವೈದ್ಯವು ಮೊಬೈಲಿನೊಳಕ್ಕೆ ಇಳಿಯುತ್ತಿದೆ. ಕಳ್ಳನೂ ಅದರ ಬೆನ್ನಿಗೇ ಇಳಿದಿದ್ದಾನೆ. ಆದಕಾರಣ, ಎಲೈ ರೋಗಿಯೇ, ನೀನು ಎಚ್ಚರವಾಗಿರು! ಈ ಉಪದೇಶ ಸುಳ್ಳೆಂದು ನಾನು ಹೇಳಲಾರೆ. ಆದರೆ ಇದು ಅರ್ಧ ಸತ್ಯ. ಉಳಿದರ್ಧವನ್ನು ಮರೆಸುವುದಕ್ಕಾಗಿಯೇ ಇದನ್ನು ಇಷ್ಟು ಗಟ್ಟಿಯಾಗಿ ಹೇಳಲಾಗುತ್ತಿದೆ ಎಂಬುದು ನನ್ನ ದೂರು.

ನನ್ನ ಮಾತು ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳನ್ನು ಕುರಿತದ್ದು. ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟ, ನಡುವೆ ಒಂದು ಹೆದ್ದಾರಿ, ಒಂದು ರೈಲುಹಳಿ: ಇಷ್ಟೇ ನಮ್ಮ ಭೂಗೋಲ. ಮೂರು ಊರುಗಳಲ್ಲಿಯೂ ತಾಲೂಕು ಆಸ್ಪತ್ರೆಗಳಿವೆ. ಜ್ವರಕ್ಕೆ, ಹೆರಿಗೆಗೆ, ಕೈಕಾಲು ಮುರಿತಕ್ಕೆ ಅವು ನಮ್ಮ ಕೈ ಹಿಡಿದಿವೆ. ಅಲ್ಲಿ ದುಡಿಯುವ ವೈದ್ಯರನ್ನೂ ದಾದಿಯರನ್ನೂ ನಾನು ಹಳಿಯುವವನಲ್ಲ. ಆದರೆ ಎದೆ ಹಿಡಿದುಕೊಂಡಿತು, ತಲೆಗೆ ಪೆಟ್ಟಾಯಿತು ಎಂದ ಕೂಡಲೇ ಮುಂದಿನ ಮಾತು 'ಮಣಿಪಾಲಕ್ಕೆ ಒಯ್ಯಿರಿ' ಎಂಬುದು. ಭಟ್ಕಳದಿಂದ ಅದು ಸುಮಾರು 90 ಕಿಲೋಮೀಟರು, ಕುಮಟಾದಿಂದ ಸುಮಾರು 150. ಇಲ್ಲವಾದರೆ ಇನ್ನೂ ಮುಂದೆ ಮಂಗಳೂರು. ಅಥವಾ ಘಟ್ಟ ಹತ್ತಿ ಹುಬ್ಬಳ್ಳಿ. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರದತ್ತ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಶಿರೂರಿನ ಟೋಲ್ ಗೇಟಿಗೆ ಬಡಿದು ನಾಲ್ವರು ತೀರಿಕೊಂಡರು. ಆ ದೃಶ್ಯವನ್ನು ದೇಶವೆಲ್ಲ ಮೊಬೈಲಿನಲ್ಲಿ ನೋಡಿತು. ದೊಡ್ಡ ಆಸ್ಪತ್ರೆ ಬೇಕೆಂದು 2019ರಲ್ಲಿಯೇ ಜಾಲತಾಣಗಳಲ್ಲಿ ಎದ್ದಿದ್ದ ಜಿಲ್ಲೆಯ ಕೂಗು ಆಗ ಮತ್ತೊಮ್ಮೆ ಎದ್ದಿತು. ಘೋಷಣೆಗಳೂ ಬಂದವು. ರೋಗಿಗಳು ಮಾತ್ರ ಇಂದಿಗೂ ಅದೇ ಹೆದ್ದಾರಿಯಲ್ಲಿ ಓಡುತ್ತಿದ್ದಾರೆ.

ಇಂಥ ನಾಡಿಗೆ ದೂರವೈದ್ಯವು ವರವೆಂದರೆ ಯಾರೂ ಅಲ್ಲಗಳೆಯಲಾರರು. ಕರ್ನಾಟಕಕ್ಕೆ ಇದು ನಿನ್ನೆ ಮೊನ್ನೆಯದಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿಯೇ ಇಸ್ರೋದ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದ್ದರು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತರು 2018ರಿಂದ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸಿ, ಅದರ ಗೆರೆಗಳ ಚಿತ್ರವನ್ನು ವಾಟ್ಸಾಪಿನಲ್ಲಿ ತರಿಸಿಕೊಂಡು, ಕುಳಿತಲ್ಲಿಂದಲೇ ಸಲಹೆ ಕೊಡುವ ಏರ್ಪಾಟು ಮಾಡಿದರು. 2020ರಲ್ಲಿ ಇ-ಸಂಜೀವಿನಿ ಮನೆಮನೆಯ ಫೋನಿಗೆ ಬಂತು. ಈಚೆಗೆ ಡಾ. ಪುನೀತ್ ರಾಜಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ, ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ಕೃತಕ ಬುದ್ಧಿಯ ಯಂತ್ರವು ಕೆಲವೇ ನಿಮಿಷಗಳಲ್ಲಿ ಓದಿ ಹೇಳುತ್ತದೆ. ರಕ್ತದ ಹೆಪ್ಪನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಪುಕ್ಕಟೆಯಾಗಿ ಕೊಡುತ್ತಾರೆ. ಇದರಿಂದ ಉಳಿದ ಜೀವಗಳನ್ನು ನೆನೆದರೆ ಯಂತ್ರಕ್ಕೆ ಕೈಮುಗಿಯಬೇಕೆನಿಸುತ್ತದೆ.

ಆದರೆ ಯಂತ್ರವು ರೋಗವನ್ನು ಓದಬಲ್ಲದೇ ಹೊರತು ರೋಗಿಯನ್ನು ಹೊತ್ತೊಯ್ಯಲಾರದು. ಮದ್ದು ಚುಚ್ಚಿದ ಮೇಲೂ ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು. ಸರ್ಕಾರವು ಫೋನನ್ನು ಆಸ್ಪತ್ರೆಯ ಜೊತೆಗೆ ಕೊಟ್ಟರೆ ಅದು ಉಪಕಾರ. ಆಸ್ಪತ್ರೆಯ ಬದಲಿಗೆ ಕೊಟ್ಟರೆ ಅದು ಕಣ್ಣೊರೆಸುವ ಕೆಲಸ. ಇಷ್ಟನ್ನು ಹಲವರು ಹೇಳಿದ್ದಾರೆ. ಯಾರೂ ಹೇಳದ ಇನ್ನೊಂದು ಮಾತಿದೆ: ನಮ್ಮ ಆಸ್ಪತ್ರೆಯ ದೂರವೇ ಕಳ್ಳನ ಬಂಡವಾಳ.

ಹೇಗೆಂದು ಕೇಳಿ. ಮಣಿಪಾಲದವನೋ ಮಂಗಳೂರಿನವನೋ ಡಾಕ್ಟರನ್ನು ಕಾಣಬೇಕಾದರೆ ಆಸ್ಪತ್ರೆಯ ಕಿಟಕಿಯ ಮುಂದೆ ಹೋಗಿ ನಿಲ್ಲುತ್ತಾನೆ. ಕುಮಟಾದವನಿಗೆ ಅದು ಒಂದು ದಿನದ ಕೂಲಿ, ಎರಡು ದಾರಿಯ ಬಸ್ಸು. ಆದ್ದರಿಂದ ಅವನು ಫೋನು ಮಾಡುತ್ತಾನೆ. ಸಂಖ್ಯೆ ಗೊತ್ತಿಲ್ಲ, ಗೂಗಲ್ಲಿನಲ್ಲಿ ಹುಡುಕುತ್ತಾನೆ. ಅಲ್ಲಿ ಆಸ್ಪತ್ರೆಯ ಹೆಸರಿನ ಕೆಳಗೆ ಕಳ್ಳನು ತನ್ನ ಸಂಖ್ಯೆಯನ್ನು ಬರೆದುಕೊಂಡು ಕೂತಿದ್ದಾನೆ. ಮಾತು ಬಲು ನಯ. 'ನಿಮ್ಮ ಸರದಿ ಬರೆದುಕೊಂಡಿದ್ದೇನೆ. ನೋಂದಣಿಗೆ ಹತ್ತು ರೂಪಾಯಿ. ವಾಟ್ಸಾಪಿಗೆ ಕಳಿಸಿದ್ದನ್ನು ಒತ್ತಿ.' ಒತ್ತಿದರೆ ಒಂದು ಆ್ಯಪು ಫೋನಿನೊಳಗೆ ಸೇರಿಕೊಳ್ಳುತ್ತದೆ. ಬ್ಯಾಂಕಿನಿಂದ ಬರುವ ಗುಪ್ತ ಸಂಖ್ಯೆಗಳನ್ನೆಲ್ಲ ಅದು ಕಳ್ಳನಿಗೆ ಓದಿ ಹೇಳುತ್ತದೆ. ಹೊನ್ನಾವರದ ಕಡೆಯ ನಿವೃತ್ತ ಶಾಲಾ ಮಾಸ್ತರರೊಬ್ಬರು, ನನಗೆ ಬಹುಕಾಲದ ಪರಿಚಿತರು, ಹೆಂಡತಿಯ ಮಂಡಿನೋವಿಗೆ ಸರದಿ ಬರೆಸಲು ಹೋಗಿ ಹೀಗೆಯೇ ಪಿಂಚಣಿಯ ಗಂಟು ಕಳೆದುಕೊಂಡರು. 'ಓದಿದವರಾಗಿ ಹೀಗೆ ಮಾಡಿದಿರಲ್ಲ' ಎಂದು ಊರೆಲ್ಲ ಅವರಿಗೇ ಬುದ್ಧಿ ಹೇಳಿತು. ಅವರು ನನಗೆ ಹೇಳಿದ್ದು ಒಂದೇ ಮಾತು: 'ತಮಾ, ನಾನು ಕಳ್ಳನಿಗೆ ಫೋನು ಮಾಡಿದ್ದಲ್ಲ, ದವಾಖಾನೆಗೆ ಮಾಡಿದ್ದು.'

ಈ ಮಾತಿಗೆ ಉತ್ತರವಿದೆಯೆ? ನಮ್ಮ ಕಡೆಯ ಜನ ಯಕ್ಷಗಾನದಲ್ಲಿ ಪಂಚವಟಿಯ ಆಟವನ್ನು ಎಷ್ಟು ಬಾರಿ ನೋಡಿಲ್ಲ! ಗೆರೆ ಎಳೆದ ಲಕ್ಷ್ಮಣ ಕಾಡಿಗೆ ಹೋಗಿದ್ದಾನೆ. ರಾವಣ ಬಣ್ಣದ ವೇಷದಲ್ಲಿ ಬರಲಿಲ್ಲ, ಸಂನ್ಯಾಸಿಯಾಗಿ ಬಂದ. ಸೀತೆ ಗೆರೆ ದಾಟಿದ್ದು ಅತಿಥಿಗೆ ಭಿಕ್ಷೆ ನೀಡುವುದು ಧರ್ಮವೆಂದು ಅವಳಿಗೆ ಕಲಿಸಿದ್ದರಿಂದ. ನಮಗೂ ಹೀಗೆಯೇ ಕಲಿಸಿದವರಿದ್ದಾರೆ. ಫೋನಿನಲ್ಲಿಯೇ ಹೆಸರು ಬರೆಸಿ, ಫೋನಿನಲ್ಲಿಯೇ ಹಣ ಕಟ್ಟಿ, ಫೋನಿನಲ್ಲಿಯೇ ವರದಿ ನೋಡಿ ಎಂದು ಹತ್ತು ವರ್ಷದಿಂದ ಪಾಠ ಹೇಳಿದವರು ಯಾರು? 'ಓಟಿಪಿಯನ್ನು ಯಾರಿಗೂ ಹೇಳಬೇಡಿ' ಎಂದು ಪೊಲೀಸರು ಹೇಳುತ್ತಾರೆ. ಆಭಾ ಎಂಬ ಹದಿನಾಲ್ಕು ಅಂಕಿಯ ಆರೋಗ್ಯ ಸಂಖ್ಯೆಯನ್ನು ಆಧಾರದಿಂದ ಮಾಡಿಸಲು ಹೋದರೆ, ಮೇಜಿನ ಆಚೆ ಕೂತವರು ಮೊದಲು ಕೇಳುವುದೇ 'ಓಟಿಪಿ ಬಂತೆ? ಹೇಳಿ' ಎಂದು! ಒಂದು ಇಲಾಖೆ ಹೇಳಬೇಡವೆನ್ನುತ್ತದೆ, ಇನ್ನೊಂದು ಹೇಳೆನ್ನುತ್ತದೆ. ನಡುವೆ ನಿಂತ ಹಾಲಕ್ಕಿ ಅಜ್ಜಿ ಯಾರ ಮಾತು ಕೇಳಬೇಕು? ಗೆರೆಯನ್ನು ಎಳೆದವರೇ ದಿನಕ್ಕೆ ಹತ್ತು ಸಲ ಅಳಿಸುತ್ತಿದ್ದರೆ, ದಾಟಿದ ತಪ್ಪು ಸೀತೆಯದೊಬ್ಬಳದೆ?

ಕನ್ನಡ ಕಲಿಸುವುದೇ ನನ್ನ ಕಸುಬಾದ್ದರಿಂದ ಇನ್ನೊಂದು ಸಂಗತಿ ನನ್ನ ಕಿವಿಗೆ ಬೇಗ ಬೀಳುತ್ತದೆ. ಈ ಕಳ್ಳರು ಬಹುಮಟ್ಟಿಗೆ ಹಿಂದಿಯಲ್ಲಿ, ಇಲ್ಲವೆ ಇಂಗ್ಲಿಷಿನಲ್ಲಿ ಮಾತನಾಡುತ್ತಾರೆ. ಭಟ್ಕಳದ ನವಾಯತಿ, ಕುಮಟಾದ ಕೊಂಕಣಿ, ಹೊನ್ನಾವರದ ಹವ್ಯಕ ಕನ್ನಡದ ಮಧ್ಯೆ ಅಂಥ ದನಿ ಎದ್ದು ಕೇಳಬೇಕಿತ್ತು. ಆ ಭಾಷೆಯೇ ಅವನನ್ನು ಹಿಡಿದುಕೊಡಬೇಕಿತ್ತು. ಹಾಗೇಕೆ ಆಗುವುದಿಲ್ಲ? ನಿಜವಾದ ಬ್ಯಾಂಕು, ನಿಜವಾದ ವಿಮಾ ಕಂಪನಿ, ನಿಜವಾದ ದೊಡ್ಡ ಆಸ್ಪತ್ರೆಯ ಯಾಂತ್ರಿಕ ದನಿ, ಎಲ್ಲವೂ ಮಾತನಾಡುವುದು ಅದೇ ಭಾಷೆಗಳಲ್ಲಿ. ಸಾಚಾ ನಾಣ್ಯವನ್ನೂ ಖೋಟಾ ನಾಣ್ಯವನ್ನೂ ಒಂದೇ ಅಚ್ಚಿನಲ್ಲಿ ಒತ್ತಿ, ಗುರುತಿಸಲಿಲ್ಲವೆಂದು ಗಿರಾಕಿಯನ್ನು ಬೈದರೆ ಹೇಗೆ? ನಮ್ಮಿಂದ ಒಪ್ಪಿಗೆ ಪಡೆಯುವ ಕಾಗದವೂ ಇಂಗ್ಲಿಷಿನಲ್ಲಿಯೇ. ಆ ಹಲವು ಪುಟಗಳ ಕೆಳಗಿನ ಗುಂಡಿಯನ್ನು ಒತ್ತುವವನು ಒಪ್ಪುತ್ತಿಲ್ಲ. ಬೇರೆ ದಾರಿಯಿಲ್ಲದೆ ತಲೆಬಾಗುತ್ತಿದ್ದಾನೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆಂದು 2023ರಲ್ಲಿ ಆದ ಕಾಯಿದೆಯು ಈ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆಯನ್ನು ಜನರಿಗೆ ಕೊಡಬೇಕೆನ್ನುತ್ತದೆ. ಕನ್ನಡವೂ ಕೊಂಕಣಿಯೂ ಆ ಅನುಸೂಚಿಯಲ್ಲಿವೆ.

ಇನ್ನು ನಮ್ಮ ಗುಟ್ಟನ್ನು ಕಾಯುವವರ ಎಚ್ಚರ ಎಂಥದು? 2022ರ ನವೆಂಬರ್ 23ರಂದು ದಿಲ್ಲಿಯ ಏಮ್ಸ್ ಆಸ್ಪತ್ರೆಯ ಗಣಕಗಳೊಳಗೆ ದುಷ್ಟರು ನುಗ್ಗಿ ಕಡತಗಳಿಗೆ ಬೀಗ ಜಡಿದರು. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಅನೇಕ ದಿನ ಕೈಬರಹದಲ್ಲಿ ಚೀಟಿ ಬರೆಯಬೇಕಾಯಿತು. 2023ರ ಜೂನಿನಲ್ಲಿ ಕೋವಿನ್ ಲಸಿಕೆಗಾಗಿ ಜನ ಕೊಟ್ಟ ವಿವರಗಳು ಟೆಲಿಗ್ರಾಮಿನಲ್ಲಿ ಕೇಳಿದವರಿಗೆ ಸಿಗುತ್ತಿವೆಯೆಂಬ ಸುದ್ದಿ ಬಂತು. ಕೋವಿನ್‌ಗೆ ಕನ್ನ ಬಿದ್ದಿಲ್ಲವೆಂದು ಸರ್ಕಾರ ಹೇಳಿತು. ಅದೇ ತಿಂಗಳಲ್ಲಿ ಬಿಹಾರದಲ್ಲಿ ಒಬ್ಬನ ಬಂಧನವೂ ಆಯಿತು. ಈ ಎರಡರಲ್ಲಿ ಯಾವ ರೋಗಿ ಯಾವ ಗುಂಡಿ ಒತ್ತಿದ್ದ? ಯಾವ ಅಜ್ಜಿ ಓಟಿಪಿ ಹೇಳಿದ್ದಳು? ನಾನು ಹೇಳಿದ 2023ರ ಕಾಯಿದೆಯ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ದತ್ತಾಂಶವನ್ನು ಕಾಯದ ಸಂಸ್ಥೆಗೆ 250 ಕೋಟಿ ರೂಪಾಯಿಯವರೆಗೆ ದಂಡವೆಂದು ಕಾಯಿದೆ ಹೇಳುತ್ತದೆ. ಒಳ್ಳೆಯದು. ಆದರೆ ಸಂಸ್ಥೆಗಳ ಮುಖ್ಯ ಹೊಣೆಗಳು ಜಾರಿಗೆ ಬರುವುದಕ್ಕೆ ಅಲ್ಲಿಂದ ಮುಂದೆ ಹದಿನೆಂಟು ತಿಂಗಳ ಕಾಲಾವಕಾಶ! ಮಂಡಿನೋವಿನ ಮುದುಕಿ ಈ ಕ್ಷಣವೇ ಎಚ್ಚರವಾಗಬೇಕು. ನೂರಾರು ನೌಕರರ ಕಂಪನಿಗೆ ಎಚ್ಚರವಾಗಲು ಒಂದೂವರೆ ವರ್ಷ. ಇದು ಯಾವ ನ್ಯಾಯದ ತಕ್ಕಡಿ?

ಸಣ್ಣ ಊರಿನಲ್ಲಿ ಗುಟ್ಟು ರಟ್ಟಾದರೆ ಹೋಗುವುದು ಹಣವೊಂದೇ ಅಲ್ಲ. ಬೆಂಗಳೂರಿನಲ್ಲಿ ಒಬ್ಬನ ಕಾಯಿಲೆ ಪಕ್ಕದ ಮನೆಯವನಿಗೂ ಗೊತ್ತಿರುವುದಿಲ್ಲ. ನಮ್ಮಲ್ಲಿ ಮೀನುಪೇಟೆಯಿಂದ ರಥಬೀದಿಯವರೆಗೆ ಎಲ್ಲರಿಗೂ ಎಲ್ಲರ ಮನೆತನ ಗೊತ್ತು. ಒಂದು ವರದಿಯ ಚಿತ್ರ ಹೆಸರಿನ ಸಮೇತ ಒಂದು ವಾಟ್ಸಾಪ್ ಗುಂಪಿನಿಂದ ಇನ್ನೊಂದಕ್ಕೆ ಹಾರಿದರೆ, ಒಂದು ಮದುವೆ ಮುರಿಯುತ್ತದೆ; ಒಂದು ಕೆಲಸ ತಪ್ಪುತ್ತದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಇದೆ: 14416ಕ್ಕೆ ಫೋನು ಮಾಡಿದರೆ ಮನಸ್ಸಿನ ಬೇಗೆಗೆ ಕಿವಿಗೊಡುವವರು ಸಿಗುತ್ತಾರೆ. ಮಾನಸಿಕ ವೈದ್ಯರ ಬಾಗಿಲಲ್ಲಿ ಕಾಣಿಸಿಕೊಳ್ಳಲು ಅಂಜುವ ನಮ್ಮ ಹುಡುಗ ಹುಡುಗಿಯರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಅದರ ಜೀವಾಳ ಗುಟ್ಟು. ಆಡಿದ ಮಾತು ಎಲ್ಲಿಯೋ ಸೋರುತ್ತದೆಂಬ ಅನುಮಾನ ಹುಟ್ಟಿತೋ, ಆ ಫೋನು ಮುಟ್ಟುವವರೇ ಇರುವುದಿಲ್ಲ. ನಂಬಿಕೆ ಕಳೆದುಕೊಂಡ ವೈದ್ಯ ಎಷ್ಟು ಹೊಸದಾದರೇನು?

'ಹಾಗಾದರೆ ರೋಗಿಗೆ ಹೊಣೆಯೇ ಇಲ್ಲವೆ?' ಎಂದು ಯಾರಾದರೂ ಕೇಳಬಹುದು. ಇದೆ, ಅದನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಬಹುದು. ಆಸ್ಪತ್ರೆಯ ಸಂಖ್ಯೆಯನ್ನು ಹಳೆಯ ಚೀಟಿಯಿಂದ ನೋಡಿಕೊಳ್ಳಿ, ಹುಡುಕಾಟದಲ್ಲಿ ಮೊದಲು ಕಂಡದ್ದನ್ನು ನಂಬಬೇಡಿ. ಸರದಿ ಬರೆಸಲು ಯಾರಾದರೂ ಆ್ಯಪು ಕಳಿಸಿದರೆ ಅವನು ಕಳ್ಳನೆಂದೇ ತಿಳಿಯಿರಿ. ಫೋನಿನಲ್ಲಿ ಮದ್ದು ಬರೆಯುವವರ ನೋಂದಣಿ ಸಂಖ್ಯೆ ಕೇಳಿ; 2020ರ ಮಾರ್ಚಿನಲ್ಲಿ ಬಂದ ದೂರವೈದ್ಯ ಮಾರ್ಗಸೂಚಿಯ ಪ್ರಕಾರ ಚೀಟಿಯ ಮೇಲೆ ಅದು ಇರಲೇಬೇಕು. ಹಣ ಹೋಯಿತೆಂದು ತಿಳಿದ ಗಳಿಗೆಯಲ್ಲಿಯೇ, ನಾಚಿಕೆಪಡದೆ, 1930ಕ್ಕೆ ಫೋನು ಮಾಡಿ. ಬೇಗ ತಿಳಿಸಿದರೆ ದಾರಿಯಲ್ಲಿರುವ ಹಣವನ್ನು ತಡೆಯುವ ಸಂಭವವಿದೆ. ರೋಗಿಯ ಪಾಲು ಇಷ್ಟೇ. ಇದಕ್ಕಿಂತ ಹೆಚ್ಚಿನದನ್ನು ನೋವಿನಲ್ಲಿರುವವನಿಂದ ಕೇಳುವುದು ಮನುಷ್ಯತ್ವವಲ್ಲ. ಎದೆನೋವಿನವನಿಗೆ ಕಳ್ಳನ ಕೈಬರಹ ಪರೀಕ್ಷಿಸುವಷ್ಟು ಪುರುಸೊತ್ತಿರುವುದಿಲ್ಲ.

ಉಳಿದ ಪಾಲನ್ನು ಹೊರಬೇಕಾದವರಿಗೆ ನನ್ನ ಕೇಳಿಕೆಗಳು ದುಬಾರಿಯವೇನಲ್ಲ. ಭಟ್ಕಳ, ಹೊನ್ನಾವರ, ಕುಮಟಾದ ಪ್ರತಿ ಬಸ್ ನಿಲ್ದಾಣದ ಗೋಡೆಯ ಮೇಲೆ, ನಮ್ಮ ಜನ ಹೋಗುವ ದೊಡ್ಡ ಆಸ್ಪತ್ರೆಗಳ ನಿಜವಾದ ಸಂಖ್ಯೆಗಳನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಲಿ. ಆ ಸಂಖ್ಯೆಗೆ ಯಂತ್ರವಲ್ಲ, ಕನ್ನಡ ಬಲ್ಲ ಮನುಷ್ಯನೊಬ್ಬ ಉತ್ತರ ಕೊಡಲಿ. ತಾಲೂಕು ಆಸ್ಪತ್ರೆಯಲ್ಲಿ ಒಂದು ಮೇಜು ಇಟ್ಟು, ದೂರದ ಆಸ್ಪತ್ರೆಯ ಸರದಿಯನ್ನು ಅಲ್ಲಿಂದಲೇ ಬರೆಸಿಕೊಡಲಿ. ಗೂಗಲ್ಲಿನಲ್ಲಿ ಹುಡುಕುವ ಗರಜೇ ತಪ್ಪುತ್ತದೆ. ರೋಗಿಯ ಹೆಸರನ್ನು ಮರೆಮಾಡದೆ ಒಂದು ವರದಿಯೂ ವಾಟ್ಸಾಪ್ ಹತ್ತದಿರಲಿ. ಹುಡುಕಾಟದ ಪುಟದಲ್ಲಿ ತಮ್ಮ ಹೆಸರಿನ ಕೆಳಗೆ ಯಾರ ಸಂಖ್ಯೆ ಇದೆಯೆಂದು ಆಸ್ಪತ್ರೆಯವರೇ ವಾರಕ್ಕೊಮ್ಮೆ ನೋಡಿ ತೆಗೆಸಲಿ. ಅಂಗಡಿಯ ಮುಂದಿನ ಕಸವನ್ನು ಅಂಗಡಿಯವನೇ ಗುಡಿಸಬೇಕಷ್ಟೆ. ಎಲ್ಲಕ್ಕೂ ಮಿಗಿಲಾಗಿ, ಕೇಳಿ ಕೇಳಿ ಬಾಯಿ ಬತ್ತಿರುವ ದೊಡ್ಡ ಆಸ್ಪತ್ರೆಯನ್ನು ಈ ಕರಾವಳಿಯಲ್ಲಿ ಕಟ್ಟಿ ಮುಗಿಸಲಿ. ದಾರಿ ಹತ್ತಿರವಾದಷ್ಟೂ ಕಳ್ಳನಿಗೆ ನಿಲ್ಲುವ ಜಾಗ ಕಡಿಮೆಯಾಗುತ್ತದೆ.

ಇಷ್ಟು ಮಾಡಿದ ಮೇಲೆ ನಮಗೆ 'ಎಚ್ಚರವಾಗಿರಿ' ಎಂದು ಹೇಳಲಿ, ತಲೆಬಾಗಿ ಕೇಳುತ್ತೇವೆ. ಕಾವಲುಗಾರ ತಾನು ಮಲಗಿಕೊಂಡು ಊರಿನವರಿಗೆ ಜಾಗರಣೆಯ ಪುಣ್ಯವನ್ನು ಬೋಧಿಸುವುದು ಮಾತ್ರ ಇನ್ನು ಸಾಕು.